ನಿನ್ನೆ ಏನು ತಿಂದಿರಿ?

"ಯಂತ್ರ ಕೆಟ್ಟಿದೆ ಅಂದೆನಲ್ಲ," ಎಂದರು ಕಾಕೆನ್ ಎಜೆ, ಅದು ಮೂರನೆಯ ಸಲ.

ಜಿಪಾರ್ ತನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡು ಒಂದು ಹನಿ ರಕ್ತವನ್ನು ಹಿಮೋಗ್ಲೋಬಿನ್ ಅಳೆಯುವ ಆ ಯಂತ್ರಕ್ಕೆ ಕೊಟ್ಟಳು. ನೂರ ಮೂವತ್ತೆಂಟು. ಹೋದ ತಿಂಗಳು ಆಸ್ಪತ್ರೆಯಲ್ಲಿ ಬಂದದ್ದೂ ಅದೇ.

"ಕೆಟ್ಟಿಲ್ಲ, ಎಜೆ."

"ಹಾಗಾದ್ರೆ ಆ ಹೆಂಗಸರ ರಕ್ತವೇ ಕೆಟ್ಟಿದೆ. ಮಾಂಸ ತಿಂತಾರೆ, ಮೈಗೆ ಹತ್ತಲ್ಲ."

ಪೌಷ್ಟಿಕ ವಿಜ್ಞಾನ ವಿಭಾಗ ಅಂದರೆ ಎರಡು ಕೋಣೆ, ಮೂರು ಜನ, ಒಂದು ಹಳೆಯ ಜೀಪು. ಅದನ್ನು ಇಪ್ಪತ್ತೆರಡು ವರ್ಷ ಕೈಯಲ್ಲಿ ಹಿಡಿದು ಉಳಿಸಿಕೊಂಡು ಬಂದವರು ಕಾಕೆನ್. ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಅಕ್ಕ, ಹಾಗಾಗಿ ಎಲ್ಲರ ಬಾಯಲ್ಲೂ ಎಜೆ. ಈ ವಿಭಾಗ ಇರಬೇಕೋ, ಜೀವಶಾಸ್ತ್ರದವರ ಹೊಟ್ಟೆಯೊಳಗೆ ಹೋಗಬೇಕೋ ಎಂದು ಶುಕ್ರವಾರ ಮಂಡಳಿ ತೀರ್ಮಾನಿಸುವುದಿತ್ತು. ಅದಕ್ಕೆ ಈ ವರ್ಷದ ಪ್ರಗತಿ ವರದಿ. ವರದಿಯ ಎಂಟನೇ ಪುಟದಲ್ಲಿ ಗ್ರಾಫಿನ ಒಂದು ಗೆರೆ: ಗುಡ್ಡದಾಚೆಯ ಹಳ್ಳಿಯ ಒಂದೇ ಬೀದಿಯ ಹದಿನಾಲ್ಕು ಮನೆಗಳಲ್ಲಿ ಹೆಂಗಸರು ತಿನ್ನುವ ಮಾಂಸ. ವಸಂತದಲ್ಲಿ ನೆಲ ಕಚ್ಚಿದ್ದ ಗೆರೆ, ವಿಭಾಗದವರು ಹೋಗಿ ಪಾಠ ಹೇಳಿದ ಮೇಲೆ ಬೇಸಿಗೆಯಲ್ಲಿ ಎದ್ದು, ಶರತ್ಕಾಲದಲ್ಲಿ ಕುದುರೆ ಏರಿದ ಹಾಗೆ ಏರಿತ್ತು. ಒಂಬತ್ತನೇ ಪುಟದಲ್ಲಿ ಅದೇ ಹೆಂಗಸರ ರಕ್ತದ ಅಂಕಿಗಳು. ಅವು ಇದ್ದಲ್ಲಿಂದ ಅಲ್ಲಾಡಿರಲಿಲ್ಲ.

"ಮಂಡಳಿಯವರು ಎಂಟನೇ ಪುಟಕ್ಕೇ ಸುಸ್ತಾಗ್ತಾರೆ ಬಿಡು, ಮಗಳೇ," ಎಂದರು ಎಜೆ.

ಜಿಪಾರ್‌ಗೆ ಬಿಡಲಾಗಲಿಲ್ಲ. ವಿಭಾಗ ಮುಚ್ಚಿದರೆ ಮೊದಲು ಕೆಲಸ ಹೋಗುವುದು ತನ್ನದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಾರನೆಯ ದಿನ, ಮಂಗಳವಾರ, ಯಾರಿಗೂ ಹೇಳದೆ ಬಾಡಿಗೆ ವ್ಯಾನು ಹತ್ತಿದಳು.

ಫೋನು ಮಾಡದೆ ಆ ಹಳ್ಳಿಗೆ ಹೋದದ್ದು ಅದೇ ಮೊದಲು. ಆ ಹದಿನಾಲ್ಕು ಮನೆಗಳಲ್ಲಿ ಒಂದಾದ ಐಸಾಲ್ಕಿನ್‌ಳ ಮನೆಯ ಬಾಗಿಲು ತೆರೆದೇ ಇತ್ತು. ಇಪ್ಪತ್ತಾರರ ಸೊಸೆ, ಮೂರು ಮಕ್ಕಳ ತಾಯಿ, ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ನಿನ್ನೆಯ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಜಿಪಾರ್‌ಳನ್ನು ಕಂಡವಳೇ ಬಟ್ಟಲನ್ನು ಬೆನ್ನ ಹಿಂದೆ ಸರಿಸಿದಳು.

"ಅಯ್ಯೋ ಎಜೆ, ಒಂದು ಮಾತು ಹೇಳೋದಲ್ವಾ! ಅತ್ತೆ ಪಕ್ಕದ್ಮನೇಲಿದಾರೆ. ಇರಿ, ನನ್ನ ಗಂಡನ್ನ ಕೂಗ್ತೀನಿ, ಒಂದು ಕುರಿ..."

"ಕುರಿ ಗಿರಿ ಏನೂ ಬೇಡ ಕಣೆ. ಕೂತ್ಕೋ. ನಿನ್ನೆ ಏನು ತಿಂದೆ?"

"ನಿನ್ನೇನಾ?" ಐಸಾಲ್ಕಿನ್‌ಗೆ ನಗು ಬಂತು. "ನಿನ್ನೆ ನೀವು ಬಂದಿರ್ಲಿಲ್ವಲ್ಲ."

ಜಿಪಾರ್ ಪೆನ್ನು ಕೆಳಗಿಳಿಸಿದಳು. "ಅಂದ್ರೆ?"

"ನೀವು ಸಂಜೆ ಬರ್ತೀರಿ, ಬೆಳಗ್ಗೆ ಕಾಗದ ತೆಗೆದು ನಿನ್ನೆ ಏನು ತಿಂದೆ ಅಂತೀರಿ," ಎಂದಳು ಐಸಾಲ್ಕಿನ್ ಮಗುವಿಗೆ ಹೇಳುವಂತೆ. "ಮೊದಲ ಸಲ ಯಾರೋ ಆಫೀಸಿನವರು ಅಂದ್ಕೊಂಡು ಚಹಾ ಕೊಟ್ವಿ. ಆಮೇಲೆ ಪರಿಚಯ ಆಯ್ತು, ಕೋಳಿ ಕೊಯ್ದ್ವಿ. ಹೋದ ಸಲ ಕುರಿ. ಕುರಿ ಕೊಯ್ದ ಮೇಲೆ ಇಡೀ ಬೀದೀನೇ ಕರೀಬೇಕಲ್ವಾ? ಎಲ್ಲರೂ ತಿಂದ್ವಿ. ನಾನು ಒಂದೂ ಸುಳ್ಳು ಹೇಳಿಲ್ಲ, ಎಜೆ."

ಹೇಳಿರಲಿಲ್ಲ. ಹದಿನಾಲ್ಕು ಮನೆಯವರಲ್ಲಿ ಯಾರೂ ಹೇಳಿರಲಿಲ್ಲ. ವಿಭಾಗದವರು ಒಂದು ವರ್ಷ ಅಳೆದದ್ದು ತಮಗೇ ಬಡಿಸಿದ ಊಟವನ್ನು. ಜಿಪಾರ್ ಹುಟ್ಟಿದ್ದೂ ಇಂಥದ್ದೇ ಹಳ್ಳಿಯಲ್ಲಿ. ಅತಿಥಿ ಬಂದ ಮನೆಯಲ್ಲಿ ಮಾಂಸ ಬೇಯುವುದು ಒಲೆಯಲ್ಲಿ ಹೊಗೆ ಏಳುವಷ್ಟೇ ಸಹಜ, ಅದಕ್ಕೇ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ತನ್ನ ಮೇಲೆಯೇ ಸಿಟ್ಟೂ ಬಂತು.

ಹೊರಡುವಾಗ ಐಸಾಲ್ಕಿನ್ ಅವಳ ತೋಳು ಹಿಡಿದಳು. "ಒಣ ರೊಟ್ಟಿ ಅಂತ ಬರೀಬೇಡಿ, ಎಜೆ. ಅತ್ತೆ ಮರ್ಯಾದೆ ಹೋಗತ್ತೆ."

ಬುಧವಾರ ಬೆಳಿಗ್ಗೆ ಎಲ್ಲವನ್ನೂ ಕೇಳಿದ ಕಾಕೆನ್ ಎಜೆ ಕನ್ನಡಕ ತೆಗೆದು ಮೇಜಿಗೆ ಕುಕ್ಕಿದರು.

"ಮನೆಗೆ ಬಂದೋರಿಗೆ ಬಡಿಸಿದ್ದೂ ತಪ್ಪಾ ಈಗ? ನಾಡಿದ್ದು ಮಂಡಳಿ ಇದೆ. ಎರಡು ದಿನ ಮುಂಚೆ ಬಂದು ನನ್ನ ಗೆರೆ ಸುಳ್ಳು ಅಂತೀಯಲ್ಲ, ನಿನ್ನ ಕೆಲಸದ ಮೇಲೆ ನಿಂಗೆ ಆಸೆ ಇಲ್ವಾ?"

"ಇದೆ, ಎಜೆ."

"ಮತ್ತೆ?"

"ಐಸಾಲ್ಕಿನ್ ರಕ್ತ ತೊಂಬತ್ತೊಂದು, ನೂರಿಪ್ಪತ್ತಾದ್ರೂ ಇರ್ಬೇಕಿತ್ತು. ಆ ಗೆರೆ ನೋಡಿದೋರು ಇವರಿಗೆ ಇನ್ನೇನೂ ಬೇಡ ಅಂತಾರೆ."

ಎಜೆ ಕಿಟಕಿಯತ್ತ ತಿರುಗಿದರು. ಅಂಗಳದಲ್ಲಿ ಡ್ರೈವರ್ ಮೂಕಾಷ್ ಜೀಪಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದ.

"ಹೋದ ಸಲ ಕುರಿಯ ಸೊಂಟದ ತುಂಡು ನಂಗೇ ಕೊಟ್ರು," ಎಂದರು. ಹಿರಿಯ ಹೆಂಗಸಿಗೆ ಸಲ್ಲುವ ತುಂಡು ಅದು. "ಆ ಹುಡುಗಿ ಕೈಗೆ ನೀರು ಹಾಕಿದ್ಲು, ಎಲ್ಲರಿಗೂ ಚಹಾ ಬಗ್ಗಿಸಿದ್ಲು. ಅವಳ ಬಟ್ಟಲಲ್ಲಿ ಏನಿತ್ತು ಅಂತ ನಾನು ನೋಡ್ಲೇ ಇಲ್ಲ. ಇಪ್ಪತ್ತೆರಡು ವರ್ಷ ನೆಂಟಸ್ತನ ಮಾಡ್ಕೊಂಡು ಬಂದು ವಿಜ್ಞಾನ ಅಂದೆ."

ವರದಿಯಿಂದ ಎಂಟನೇ ಪುಟವನ್ನು ಎಳೆದು ತೆಗೆದರು. ಹರಿಯಲಿಲ್ಲ, ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು.

"ಶುಕ್ರವಾರ ನಾನೇ ಓದ್ತೀನಿ, ಇದ್ದದ್ದು ಇದ್ದ ಹಾಗೆ. ಮುಚ್ಚಿದ್ರೆ ಮುಚ್ಲಿ. ಮೂಕಾಷ್‌ಗೆ ಹೇಳು, ನಾಳೆ ಹಳ್ಳಿಗೆ. ಫೋನು ಮಾಡ್ಬೇಡ."

ಗುರುವಾರ ಮಧ್ಯಾಹ್ನ ಬಾಗಿಲಲ್ಲಿ ಕಾಕೆನ್ ಎಜೆಯನ್ನು ಕಂಡು ಐಸಾಲ್ಕಿನ್‌ಳ ಅತ್ತೆ ಬುರುಲ್ಚಾ ಗಾಬರಿಯಾದಳು. ಬಾಗಿಲಿಗೆ ಎದುರಾದ ಗೋಡೆಯ ಬಳಿ, ದೊಡ್ಡವರನ್ನು ಕೂರಿಸುವ ಜಾಗದಲ್ಲಿ, ಸರಸರ ಕೌದಿಗಳನ್ನು ಹಾಸಿದಳು. "ಮೇಲೆ ಬನ್ನಿ, ಮೇಲೆ ಬನ್ನಿ. ಸೊಸೆ, ಕುರಿ ಹಿಡಿಯೋಕೆ ಹೇಳು!"

"ಕುರಿ ಹಿಡಿದ್ರೆ ನಾನು ಈಗಲೇ ವಾಪಸ್ ಹೋಗ್ತೀನಿ, ನೋಡು," ಎಂದರು ಎಜೆ. ನೋಯುವ ಮಂಡಿಯನ್ನು ಕೈಯಲ್ಲಿ ಒತ್ತಿಕೊಂಡು ಬಾಗಿಲ ಪಕ್ಕದಲ್ಲೇ, ಒಲೆಯ ಬಳಿ, ಸೊಸೆ ಕೂರುವ ಹಳೆಯ ಚಾಪೆಯ ಮೇಲೆ ಕೂತರು. ಬುರುಲ್ಚಾಳ ಮುಖ ಕೆಂಪೇರಿತು. ಅತಿಥಿ ಬಾಗಿಲಲ್ಲಿ ಕೂತರೆ ಮನೆಗೆ ಅವಮಾನ.

"ನೀವು ದಿನಾ ತಿನ್ನೋದು ಕೊಡಿ. ಅದಕ್ಕೇ ಬಂದಿದೀನಿ," ಎಂದರು ಎಜೆ ಮೆತ್ತಗೆ.

ಐಸಾಲ್ಕಿನ್ ಅತ್ತೆಯ ಮುಖ ನೋಡಿದಳು. ಜಿಪಾರ್ ತೊಡೆಯ ಮೇಲೆ ಕಾಗದ ಬಿಚ್ಚಿಕೊಂಡು, ಪೆನ್ನು ತೆರೆದು ಕೂತಳು. ಒಲೆಯ ಮೇಲೆ ಕೆಟಲು ಕುದಿಯತೊಡಗಿತ್ತು.

ಬುರುಲ್ಚಾ ನಿಂತೇ ಇದ್ದಳು. ಆಮೇಲೆ ಬಂದು ಸೊಸೆಯ ಪಕ್ಕ ನೆಲದ ಮೇಲೆ ಕೂತಳು.

"ಬರ್ಕೋ," ಎಂದಳು ಜಿಪಾರ್‌ಗೆ. "ಅವಳು ತಿಂದಿದ್ದು ರೊಟ್ಟಿ, ಚಹಾ. ನಾನು ತಿಂದಿದ್ದೂ ಅದೇ."

ಐಸಾಲ್ಕಿನ್ ಬಟ್ಟೆ ಬಿಚ್ಚಿ ರೊಟ್ಟಿಯನ್ನು ಹೊರತೆಗೆದು ನಾಲ್ಕು ಭಾಗ ಮಾಡಿದಳು. ಗಟ್ಟಿಯಾಗಿತ್ತು, ಕಾಕೆನ್ ಎಜೆ ತಮ್ಮ ಪಾಲನ್ನು ಚಹಾದಲ್ಲಿ ಅದ್ದಿ, ಮೆತ್ತಗಾಗಲೆಂದು ಕಾದರು. ಎದುರು ಗೋಡೆಯ ಬಳಿ ಹಾಸಿದ ಕೌದಿಗಳ ಮೇಲೆ ಯಾರೂ ಇರಲಿಲ್ಲ, ಕಿಟಕಿಯ ಬಿಸಿಲು ಮಾತ್ರ ಬಿದ್ದಿತ್ತು.