ಎಲೆಗೆ ಬಳಸುವ ಮುಂಚೆ

ತಿರುಗುತ್ತದೆ, ಕಂಬಿಗೆ ಚುಚ್ಚಿದ ಮಾಂಸ ಬೆಂಕಿಯ ಪಕ್ಕದಲ್ಲಿ ತಿರುಗುತ್ತಲೇ ಇದೆ, ಸುಟ್ಟ ಮಗ್ಗುಲು ಬಂತು, ಹೋಯಿತು, ಮತ್ತೆ ಬಂತು, ಕೊಬ್ಬು ತೊಟ್ಟಿಕ್ಕಿ ಚುರ್ ಅಂತು, ರಾಜೀವಿಗೆ ತಲೆ ತಿರುಗಿದ ಹಾಗಾಗಿ ಗಾಜಿನ ಕೌಂಟರ್ ಹಿಡಿದುಕೊಂಡಳು — ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ಬೀಳಲೂ ಬಾರದು, ಸಂಜೆ ಮಗ ಸೀನನಿಗೆ ಎಲೆ ಹಾಕಿ ಬಳಸಬೇಕು, ಅವನು ಹೋದ ಮೇಲಿನ ಮೊದಲ ಆಟಿ ತಿಂಗಳು, ಆಟಿಯಲ್ಲಿ ಸತ್ತವರು ಮನೆಗೆ ಉಣ್ಣಲು ಬರುತ್ತಾರೆ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲಬೇಕು, ಭಾಂಡುಪಿನಲ್ಲೇ ಹುಟ್ಟಿ ಭಾಂಡುಪಿನ ಲೋಕಲ್ ರೈಲಿನಿಂದಲೇ ಬಿದ್ದುಹೋದ ಹುಡುಗ, ಅವನಿಗೆ ಊರಿನ ಮನೆ ಎಲ್ಲಿ ಗೊತ್ತು, ಚಾಳಿನ ಈ ಖೋಲಿಗೇ ಬರಬೇಕು ತಾನೇ, ಬಂದವನಿಗೆ ಏನು ಬಡಿಸುವುದು, ಹೆತ್ತು ಸಾಕಿದವಳಿಗೆ ಮಗನಿಗೆ ಏನು ಇಷ್ಟ ಅಂತ ಗೊತ್ತಿಲ್ಲವಲ್ಲ, ಥೂ ನನ್ನ ಜನ್ಮವೇ. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಕೋರಿ ರೊಟ್ಟಿ ಮಾಡಿ ಬಡಿಸಿದ್ದಳು, ಉಂಡು ಕೈತೊಳೆಯುವಾಗ ಅವನ ಜೊತೆ ದಿನವೂ ಅದೇ ಲೋಕಲಿಗೆ ನೇತಾಡುತ್ತಿದ್ದ ಶೇಖರ ಮೆಲ್ಲಗೆ ಹೇಳಿದ, ಆಂಟಿ, ಸೀನನಿಗೆ ಸ್ಟೇಶನ್ ಹತ್ರದ ಆ ಟರ್ಕಿ ರೋಲ್ ಅಂದ್ರೆ ಪ್ರಾಣ ಆಂಟಿ, ರೋಜ್ ತಿಂತಿದ್ದ. ದಿನವೂ ತಿನ್ನುತ್ತಿದ್ದನಂತೆ. ಅದಕ್ಕೇ ಆ ಕಡೆಯ ಬೆಳಗ್ಗೆ ನೀರುದೋಸೆ ಹಾಕಿದ ತಟ್ಟೆ ಆಚೆ ಸರಿಸಿದ್ದು, ಬೇಡಮ್ಮ, ಸ್ಟೇಶನಲ್ಲಿ ತಿಂತೇನೆ, ಲೇಟಾಯ್ತು — ಅವಳಿಗೆ ಸಿಟ್ಟು ಬಂದಿತ್ತು, ತಿನ್ನು ಹೋಗು ಮಾರಾಯ, ಅದೆಂತ ಅಮೃತವೋ ನೋಡುವ ಅಂದಿದ್ದಳು.

ಈಗ ನೋಡುತ್ತಿದ್ದಾಳೆ. ಸಣ್ಣ ಅಂಗಡಿ, ಗೋಡೆಗೆ ನೀಲಿ ಹಂಚು, ಬಾಗಿಲ ಮೇಲೆ ಹಲಾಲ್ ಅಂತ ಹಸಿರು ಅಕ್ಷರ, ಹಡಗಿನಲ್ಲಿ ಅಡುಗೆಗಿದ್ದು ಇಸ್ತಾಂಬುಲಿನಲ್ಲಿ ಕೆಲವು ವರ್ಷ ಕಳೆದು ಬಂದ ಸುಲೇಮಾನ್ ಚಾಚಾ, ಬಿಳಿಗಡ್ಡ, ಉದ್ದ ಚೂರಿ. ಬೆಳಗ್ಗೆ ಗಂಡ ಪೂವಪ್ಪ ಹೋಟೆಲ್ಲಿನ ಡ್ಯೂಟಿಗೆ ಹೊರಡುತ್ತ ಕೂಗಿದ್ದ, ಎಲೆಗೆ ಅಂಗಡಿ ರೊಟ್ಟಿಯಾ, ಅದೂ ಹಲಾಲಿನದ್ದು, ನಿಂಗೆ ಮಂಡೆ ಸಮ ಉಂಟಾ? ಊರಲ್ಲಿ ನಾವು ಕೋಳಿ ತರ್ತಿದ್ದದ್ದು ಯಾರ ಅಂಗಡಿಯಿಂದ, ಬ್ಯಾರಿ ಸಾಬರದ್ದಲ್ವಾ, ಆಗ ರುಚಿ ಇತ್ತಾ ನಿಮ್ಗೆ, ಅಂದಿದ್ದಳು ರಾಜೀವಿ. ಅವನು ಚಪ್ಪಲಿ ಹುಡುಕುವವನ ಹಾಗೆ ಬಗ್ಗಿ ಬಹಳ ಹೊತ್ತು ಏಳಲೇ ಇಲ್ಲ, ಆಮೇಲೆ ಗೋಡೆಗೆ ಮುಖ ಮಾಡಿ, ಬಳಸು, ಅವನಿಗೆ ಇಷ್ಟ ಆದ್ರೆ ಬಳಸು ಅಂದ. ಚಾಚಾ ಚೂರಿ ಮಸೆದ, ಉಳಿದಷ್ಟು ಮಾಂಸವನ್ನೂ ತೆಳ್ಳಗೆ ಕೆರೆದು ಕೆರೆದು ಬಿಸಿ ರೊಟ್ಟಿಗೆ ಹಾಕಿದ, ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ ಅರೆದ ಗಟ್ಟಿ ಮೊಸರು, ಕಂಬಿ ಬೋಳಾಯಿತು. ಬಸ್, ಆಜ್ ಕಾ ಖತಮ್, ಇವತ್ತಿನದ್ದು ಮುಗಿಯಿತು ಅಂದ. ಕಟ್ಟಿ ಕೊಡಿ, ಪಾರ್ಸಲ್ ಅಂದಳೇ, ಅಂದೆ ಅಂದುಕೊಂಡಳೇ, ಅವನು ಅವಳ ಬಾಡಿದ ಮುಖ ನೋಡಿ ಈಗಲೇ ತಿನ್ನಲಿ ಅಂತ ರೋಲನ್ನು ಕೈಗೇ ಇಟ್ಟ, ಗರಮ್ ಹೈ ಮಾ, ಅಭೀ ಖಾವ್. ಬಿಸಿ ಅಂಗೈಗೆ ಹತ್ತಿತು, ಇದನ್ನೇ ಅವನು ಹೀಗೇ ಹಿಡಿದುಕೊಳ್ಳುತ್ತಿದ್ದ, ಇಲ್ಲೇ ನಿಂತು, ಏನಿದೆ ಇದರಲ್ಲಿ, ನನ್ನ ಕೈಯ ಅಡುಗೆಯಲ್ಲಿಲ್ಲದ್ದು ಏನಿದೆ, ಉಪ್ಪೋ, ಹುಳಿಯೋ — ಕಚ್ಚಿದಳು.

ಕಚ್ಚಿಬಿಟ್ಟಳು. ಅಯ್ಯೋ ದೇವರೇ. ರುಚಿಯಾಗಿತ್ತು, ಅದೇ ಹೊಟ್ಟೆಗೆ ಬೆಂಕಿ ಹಾಕಿದ್ದು, ಇಷ್ಟು ರುಚಿಯಾಗಿತ್ತು. ಎಲೆಗೆ ಬಳಸುವ ಮುಂಚೆ ಬಾಯಿಗೆ ಹಾಕಬಾರದು, ಮದುವೆಯಾಗಿ ಬಂದ ವರ್ಷ ಸಾರಿನ ಉಪ್ಪು ನೋಡಹೋದವಳ ಕೈಯಿಂದ ಅತ್ತೆ ನೀಲಾವತಿ ಸೌಟು ಕಸಿದುಕೊಂಡಿದ್ದರು, ಸತ್ತವರಿಗೆ ಎಂಜಲು ಬಡಿಸ್ತೀಯಾ ಹೆಣ್ಣೇ, ಉಪ್ಪು ಹೆಚ್ಚಾದ್ರೆ ಅವರೇ ಹೇಳಿಕೊಳ್ತಾರೆ. ಇವನು ಎಲ್ಲಿ ಹೇಳುತ್ತಾನೆ, ಬದುಕಿದ್ದಾಗಲೂ ಹೇಳಲಿಲ್ಲ, ಚಾಚಾ, ಔರ್ ಏಕ್, ಔರ್ ಏಕ್ ಚಾಹಿಯೇ — ಖತಮ್ ಮಾ, ಕಲ್ ಆವ್. ನಾಳೆ ಏನು ಮಾಡಲಿ, ಎಲೆ ಇವತ್ತು, ಬರುವವನು ಇವತ್ತು ಬರುತ್ತಾನೆ. ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ನಿಂತಳು, ಕಣ್ಣೀರು ಮೊಸರಿಗೆ ಬಿತ್ತು, ಚಾಚಾ ನೀರಿನ ಲೋಟ ತಂದಿಟ್ಟು ಮುಖ ಬೇರೆ ಕಡೆ ತಿರುಗಿಸಿದ.

ರೋಲಿನಲ್ಲಿ ಅವಳ ಹಲ್ಲಿನ ಅಚ್ಚು. ಮೇಲಿನ ಒಂದು ಹಲ್ಲಿಲ್ಲ, ಬಾಣಂತನ ಮುಗಿದ ಹೊಸದರಲ್ಲಿ ಚಾಳಿನ ನಲ್ಲಿಯ ಜಗಳದಲ್ಲಿ ಕೊಡ ಬಡಿದು ಹೋದದ್ದು, ಅಂದಿನಿಂದ ಅವಳು ಏನು ಕಚ್ಚಿದರೂ ನಡುವೆ ಒಂದು ಚೂರು ಕತ್ತರಿಸದೆ ಉದ್ದಕ್ಕೆ ನಿಂತಿರುತ್ತದೆ, ಬಾಲದ ಹಾಗೆ. ಪೇರಲೆ, ಬಟಾಟೆವಡೆ, ಪಾವ್, ಏನೇ ತಂದರೂ ಅವನು ಮೊದಲು ಅವಳ ಬಾಯಿಗೇ ಹಿಡಿಯುತ್ತಿದ್ದ, ಅಮ್ಮ ನೀನು ಕಚ್ಚು, ಬಿಸಿ ಉಂಟಾ ನೋಡು, ಖಾರ ಉಂಟಾ ನೋಡು, ಒಮ್ಮೆ ಅತ್ತೆ ಎಂಜಲೆಂದು ಎಸೆದು ಹೊಸದು ಕೊಟ್ಟಾಗ ಇಡೀ ಚಾಳಿಗೆ ಕೇಳುವಂತೆ ಅತ್ತಿದ್ದ, ಬಾಲ ಇಲ್ಲದ್ದು ನಂಗೆ ಬೇಡ, ಅಮ್ಮನ ಬಾಲ ಇರುವುದೇ ಬೇಕು. ಎಷ್ಟು ದೊಡ್ಡವನಾಗುವವರೆಗೆ, ಯಾವತ್ತು ನಿಲ್ಲಿಸಿದ, ಯಾಕೆ ಗೊತ್ತಾಗಲಿಲ್ಲ — ಸಂಜೆಯಾಗುತ್ತಿದೆ, ಬಾಳೆಲೆ ಒರೆಸಬೇಕು, ದೀಪ ಹಚ್ಚಬೇಕು, ಎಂಜಲು ಎಂಜಲೇ, ಅತ್ತೆ ಹೇಳಿದ್ದು ಸರಿ, ಆದರೆ ಬರುವವನು ಸೀನ, ಕಾಗದ ಕೊಡಿ ಚಾಚಾ, ಕಾಗಜ್, ಮೆಲ್ಲಗೆ ಸುತ್ತಬೇಕು, ಅದು ಮುರಿಯಬಾರದು, ಕಚ್ಚಿದ ಜಾಗದ ನಡುವೆ ನಿಂತಿರುವ ಆ ಸಣ್ಣ ಚೂರು, ಆ ಬಾಲ, ಅದನ್ನೇ ಅಲ್ಲವೇ ಅವನು ಮೊದಲು ತಿನ್ನುತ್ತಿದ್ದದ್ದು, ಅದನ್ನೇ ಮೊದಲು, ಆ ಬಾಲ