ಕುಂಕುಮ ಹಚ್ಚಿದ ಸರ್ವರ್

ಬಸ್ ಕಂಪನಿಯ ಬುಕ್ಕಿಂಗ್‌ಗಳೆಲ್ಲ ಶಿರಾದ ಮುಖ್ಯ ಸರ್ವರ್‌ನಲ್ಲಿ ದಾಖಲಾಗುತ್ತವೆ. ಅವುಗಳ ನಕಲು ಮಧುಗಿರಿ ಶಾಖೆಯ ಸರ್ವರ್‌ಗೆ ತಾನಾಗಿ ಹೋಗುತ್ತದೆ. ಶಿರಾದಲ್ಲಿ ಸರ್ವರ್ ನೋಡಿಕೊಳ್ಳುವ ಅಂಬ್ರೀನ್, ಈ ನಕಲಿಗೆ ಆಧಾರವಾದ ಲಾಗ್ ಪಟ್ಟಿಯನ್ನು ಮುಖ್ಯ ಸರ್ವರ್‌ನಿಂದ ಅಳಿಸಿ ಹೊಸದಾಗಿ ಶುರು ಮಾಡಬೇಕಿತ್ತು. ಮಧುಗಿರಿಯ ನಕಲು ಹಿಂದೆ ಬಿದ್ದಿರುವಾಗ ಅಳಿಸಿದರೆ ಇಡೀ ನಕಲನ್ನು ಮತ್ತೆ ಮಾಡಬೇಕು, ಅಲ್ಲಿಯವರೆಗೆ ಬುಕ್ಕಿಂಗ್ ಬಂದ್. ಇನ್ನೊಮ್ಮೆ ಹಾಗಾದರೆ ಅವಳನ್ನು ಕೆಲಸದಿಂದ ತೆಗೆಯುವುದಾಗಿ ಮಾಲೀಕರು ಹೇಳಿದ್ದರು.

ಅವಳು ಶಾಖೆಯ ಮುಖ್ಯಸ್ಥ ಪುಟ್ಟಲಿಂಗಯ್ಯನಿಗೆ ಫೋನ್ ಮಾಡಿದಳು.

“ಸಾರ್, ನಿಮ್ ಸರ್ವರ್ ನಮ್ ಸಮಕ್ಕೆ ಬಂದೈತಾ?”

“ಬಂದೈತೆ ಕಣಮ್ಮ, ಅಳ್ಸು.”

“ಸ್ಕ್ರೀನ್ ನೋಡಿ ಕೊನೇಲಿ ನಕಲಾದ ಬುಕ್ಕಿಂಗ್ ನಂಬರ್ ಹೇಳಿ.”

“ನಂಗೇ ಪಾಠ ಹೇಳ್ತೀಯಾ? ನೆನ್ನೆ ಬಂದೋಳು ನೀನು! ಆಯುಧ ಪೂಜೇಲಿ ಕುಂಕುಮ ಹಚ್ಚಿ ಹೂವ ಏರ್ಸಿವ್ನಿ, ಅದಕ್ಕೇನಾಯ್ತದೆ?”

“ಆಫ್ ಮಾಡಿ ಪೂಜೆ ಮಾಡಿದ್ರಾ?”

“ಮತ್ತೆ? ಓಡೋ ಮಿಷಿನ್‌ಗೆ ಯಾವನಾದ್ರೂ ಪೂಜೆ ಮಾಡ್ತಾನಾ?”

“ಆಮೇಲೆ ಆನ್ ಮಾಡಿದ್ದು ಯಾವಾಗ?”

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

“ನೀನೇ ತಡ ಮಾಡ್ದೆ ಅಂತ ಓನರ್‌ಗೆ ಹೇಳ್ತೀನಿ, ನೋಡ್ತಿರು.”

“ಹೇಳಿ. ಅದಕ್ಕೆ ಮುಂಚೆ ಹೂವ ತೆಗ್ದು ಆನ್ ಮಾಡಿ. ನೀವು ನಂಬರ್ ಓದೋವರ್ಗೂ ನಾನು ಮುಟ್ಟಲ್ಲ.”

ಅಂಬ್ರೀನ್ ಫೋನ್ ಇಡಲಿಲ್ಲ. ಕೀಬೋರ್ಡನ್ನು ಮಾತ್ರ ದೂರ ತಳ್ಳಿದಳು.