ಗಡಿಯಾರ ಕೆಡಿಸಿಟ್ಟವರು

ಇಬ್ಬರು ನಿಂತು ಮಾತಾಡುತ್ತಿರುವುದು ಕಂಡರೆ ಸಾಕು, ನಮ್ಮ ಗಡಿಯಾರದವರು ದಿಕ್ಕು ಬದಲಿಸಿಬಿಡುತ್ತಿದ್ದರು. ಊಟದ ಕೋಣೆಗೆ ತಟ್ಟೆ ಹಿಡಿದು ಬಂದವರು ಮೇಜಿನ ಸುತ್ತ ಚರ್ಚೆ ಎದ್ದದ್ದು ನೋಡಿ, ತಟ್ಟೆಸಮೇತ ಹಿಂತಿರುಗಿ ಮೆಟ್ಟಿಲ ಮೇಲೆ ಕೂತು ಉಂಡದ್ದನ್ನು ನಾನೇ ಕಂಡಿದ್ದೇನೆ. ಎರಡು ಅಳತೆ ದೊಡ್ಡದಾದ ಬೂದುಬಣ್ಣದ ಕೋಟು, ಕೊಂಚ ಎಡಕ್ಕೆ ವಾಲುವ ಅವಸರದ ನಡಿಗೆ, ಬಾಯಲ್ಲಿ ತಾಳವೂ ಇಲ್ಲದ ರಾಗವೂ ಇಲ್ಲದ ಒಂದು ಗುನುಗು. ಹೊಸಬರು ಇವರಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಹಳಬರು ‘ಗಡಿಯಾರದವರು ಬಂದರು’ ಎಂದು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು.

ನಮ್ಮ ಪ್ರಯೋಗಾಲಯದಲ್ಲಿ, ಪರಮಾಣುವಿಗಿಂತ ಎಷ್ಟೋ ಕಿರಿದಾದ, ಹುಟ್ಟಿದ ಕ್ಷಣಾರ್ಧದಲ್ಲೇ ಅಳಿದುಹೋಗುವ ಮ್ಯುವಾನ್ ಎಂಬ ಕಣವನ್ನು ಅಯಸ್ಕಾಂತದ ದೊಡ್ಡ ಉಂಗುರದೊಳಗೆ ಸುತ್ತಿಸಿ, ಅದು ಬುಗುರಿಯಂತೆ ಎಷ್ಟು ವೇಗವಾಗಿ ತೊನೆಯುತ್ತದೆಂದು ಅಳೆಯುತ್ತಿದ್ದರು. ಸಿದ್ಧಾಂತ ಹೇಳಿದ ಅಂಕಿಗಿಂತ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ, ಸೃಷ್ಟಿಯಲ್ಲಿ ನಾವರಿಯದ ಇನ್ನೇನೋ ಇದೆ ಎಂದರ್ಥ. ಆದರೆ ಬಯಸಿದ ಅಂಕಿ ಬಂದೊಡನೆ ಮನುಷ್ಯ ತಪ್ಪು ಹುಡುಕುವುದನ್ನು ನಿಲ್ಲಿಸಿಬಿಡುತ್ತಾನೆ. ಅದಕ್ಕೇ ಪ್ರಯೋಗದ ಮುಖ್ಯಸ್ಥೆ, ಎಲ್ಲರ ಪಾಲಿನ ಮೇಡಂ, ಒಂದು ಕಟ್ಟಳೆ ಮಾಡಿದ್ದರು: ಅಳೆಯುವ ಗಡಿಯಾರದ ಓಟವನ್ನು ಒಬ್ಬರು ಗುಟ್ಟಾಗಿ ಒಂದಿಷ್ಟು ಏರುಪೇರು ಮಾಡಿ, ಎಷ್ಟೆಂದು ಬರೆದು ಲಕೋಟೆಗೆ ಮುದ್ರೆ ಹಾಕಬೇಕು, ತಪಾಸಣೆಗಳೆಲ್ಲ ಮುಗಿಯುವವರೆಗೆ ಬಾಯಿ ಬಿಡಬಾರದು. ಆ ಒಬ್ಬರು ಇವರು. ಆ ಗಡಿಯಾರವನ್ನೇ ನಂಬಿ ಅಂಕಿ ತೆಗೆಯುವ ಲೆಕ್ಕದವರ ಉತ್ತರ ಕಿವಿಗೆ ಬಿದ್ದರೆ ನಿಜವಾದ ಅಂಕಿ ಇವರಿಗೆ ಹೊಳೆದುಬಿಡುತ್ತದೆ, ಆಮೇಲೆ ಮುಖವೇ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಈ ಓಟ, ಈ ಗುನುಗು.

ಮನೆಯಲ್ಲೂ ಅಂಕಿಯೆಂದರೆ ಬೆಚ್ಚುತ್ತಿದ್ದರು. “ಎಷ್ಟು ಗಂಟೆಗೆ ಬರ್ತೀರ ಅಂತ ಕೇಳಿದ್ರೂ ಬರೀ ‘ಬರ್ತೀನಿ’ ಅಂತಾರೆ. ನಾನೇನು ಇವರ ಗಡಿಯಾರದ ಗುಟ್ಟು ಕೇಳಿದ್ನಾ?” ಎಂದು ಅವರ ಹೆಂಡತಿ ನನ್ನೆದುರು ಹಣೆ ಚಚ್ಚಿಕೊಂಡಿದ್ದರು.

ಪ್ರಯೋಗದ ಆರನೆಯ ವರ್ಷ ಮೇಡಂ ಆಸ್ಪತ್ರೆ ಸೇರಿದರು. ಇನ್ನು ಹೆಚ್ಚು ದಿನವಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ತಪಾಸಣೆಗಳು ಇನ್ನೂ ಎರಡು ಬಾಕಿ. ಗಡಿಯಾರದವರೂ ನಾನೂ ನೋಡಲು ಹೋದಾಗ ಮೇಡಂ ಕೈಯಲ್ಲಿ ಪೆನ್ಸಿಲ್ ಇತ್ತು.

“ಲೆಕ್ಕದವರ ಉತ್ತರ ನನ್ನ ಹತ್ರ ಇದೆ. ನಿಮ್ಮ ಅಂಕಿ ಒಂದು ಹೇಳಿಬಿಡಿ. ನೋಡ್ಕೊಂಡು ಹೋಗ್ತೀನಿ.”

ಗಡಿಯಾರದವರು ಕುರ್ಚಿ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತರು.

“ಕಟ್ಟಳೆ ನೀವೇ ಮಾಡಿದ್ದು, ಮೇಡಂ.”

“ಗೊತ್ತು. ಆದ್ರೂ ಕೇಳ್ತಿದೀನಿ.”

ಗಡಿಯಾರದವರು ಅಂಕಿ ಹೇಳದೆ ಹಾಗೆಯೇ ಎದ್ದು, ತಿರುಗಿಯೂ ನೋಡದೆ ಹೊರಬಂದರು.

ಮೇಡಂ ಹೋದ ಹತ್ತೊಂಬತ್ತನೆಯ ದಿನ, ತಪಾಸಣೆಗಳು ಮುಗಿದು, ಲಕೋಟೆ ಒಡೆದರು. ಮ್ಯುವಾನ್ ಸಿದ್ಧಾಂತಕ್ಕೆ ಸೊಪ್ಪು ಹಾಕಿರಲಿಲ್ಲ. ವ್ಯತ್ಯಾಸ ಇದ್ದೇ ಇತ್ತು. ಸಭಾಂಗಣದಲ್ಲಿ ಜನ ಎದ್ದು ಚಪ್ಪಾಳೆ ತಟ್ಟಿದರು. ಸಿದ್ಧಾಂತದಾಚೆ ಇನ್ನೇನೋ ಇದೆ ಎಂಬ ಮೇಡಂ ಮಾತಿಗೆ ಇಪ್ಪತ್ತು ವರ್ಷ ಮೂಗು ಮುರಿದವರೂ, ಈ ಅಂಕಿಯನ್ನು ಯಾರೂ ಮುಂಚೆ ಕಂಡಿಲ್ಲವೆಂಬ ಒಂದೇ ಕಾರಣಕ್ಕೆ, ಮರುಮಾತಿಲ್ಲದೆ ಒಪ್ಪಿದರು. ಆ ಗದ್ದಲದಲ್ಲಿ ಗಡಿಯಾರದವರು ನನ್ನ ತೋಳು ಹಿಡಿದು, “ಅವತ್ತು ಹೇಳಿದ್ರೆ ಮೇಡಂ ಯಾರಿಗೆ ಹೇಳೋಕೆ ಹೋಗ್ತಿದ್ರು, ನೀವೇ ಹೇಳಿ?” ಎಂದರು.

ಸತ್ಯವನ್ನು ಕಂಡವರನ್ನು ಲೋಕ ಕೊಂಡಾಡುತ್ತದೆ. ಸತ್ಯ ಕೆಡದಿರಲೆಂದು ಬಾಯಿ ಕಟ್ಟಿಕೊಂಡವರದು ಬೇರೆಯೇ ಕುಲ. ಗೆದ್ದ ದಿನವೂ ಅವರಿಗೆ ನೆಮ್ಮದಿಯಿಲ್ಲ. ನೀವು ಮಾಡಿದ್ದೇ ಸರಿ ಎಂದು ನಾವೆಲ್ಲ ಒಂದೇ ದನಿಯಲ್ಲಿ ಹೇಳುತ್ತೇವೆ. ಯಾರ ಬಾಯಿಂದ ಆ ಮಾತು ಬರಬೇಕಿತ್ತೋ, ಅವರೊಬ್ಬರೇ ಇರುವುದಿಲ್ಲ.